ಕಾಯ್ದೆಯೇ ಕೈ ಕಟ್ಟಿದೆ

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬೆರೆಸುವುದನ್ನೂ ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿನ ಬಣ್ಣದ ಸರದಿ ಬಂತು. ಆಮೇಲೆ ಪಾನಿಪೂರಿ, ಕೇಕು; 2025ರ ಫೆಬ್ರುವರಿಯಲ್ಲಿ ಇಡ್ಲಿ ತಟ್ಟೆಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಪ್ರತಿ ಸಲವೂ ಟಿವಿ ಚರ್ಚೆಯಲ್ಲಿ, ಸಂಪಾದಕೀಯಗಳಲ್ಲಿ, ನಿವೃತ್ತ ಅಧಿಕಾರಿಗಳ ಬಾಯಲ್ಲಿ ಒಂದೇ ಮಾತು: ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ, ಜಾರಿ ಸರಿಯಾಗಿಲ್ಲ ಅಷ್ಟೆ. ಓದಿಕೊಂಡವರೆಲ್ಲ ತಲೆದೂಗುವ ಮಾತು ಇದು. ಇದನ್ನು ಹೇಳಿದರೆ ಯಾರಿಗೂ ನೋವಾಗುವುದಿಲ್ಲ. ಶಾಸನ ಬರೆದವರು ಪಾರಾಗುತ್ತಾರೆ, ತಿದ್ದಬೇಕಾದವರು ಪಾರಾಗುತ್ತಾರೆ, ತಪ್ಪೆಲ್ಲ ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿಯ ತಲೆಗೆ ಬೀಳುತ್ತದೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನವರೇ. ಆದರೆ ಅವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯನ್ನು ತೆರೆದು ಓದಿಲ್ಲ ಎಂದೇ ನನ್ನ ಅನುಮಾನ. ಓದಿದವರು ಹಾಗೆ ಹೇಳಲಾರರು.

ಮೊದಲು ಆ ಮಾರ್ಚ್ ತಿಂಗಳ ನಿಷೇಧವನ್ನೇ ನೋಡಿ. ರೋಡಮೈನ್-ಬಿ ಬಟ್ಟೆಗೆ, ಕಾಗದಕ್ಕೆ ಬಣ್ಣ ಕೊಡುವ ರಾಸಾಯನಿಕ. ಭಾರತದಲ್ಲಿ ಆಹಾರಕ್ಕೆ ಬಳಸಬಹುದಾದ ಕೃತಕ ಬಣ್ಣಗಳು ಎಂಟೇ: ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಯ್ಸಿನ್ ಮುಂತಾದವು. ಅವನ್ನೂ ಪಟ್ಟಿಯಲ್ಲಿರುವ ತಿಂಡಿಗಳಿಗೆ ಮಾತ್ರ ಮಿತಿಯೊಳಗೆ ಹಾಕಬೇಕು. ರೋಡಮೈನ್ ಆ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ. ಅಂದರೆ ಮೊದಲೇ ನಿಷಿದ್ಧವಾಗಿದ್ದನ್ನು ಸರ್ಕಾರ ಮತ್ತೊಮ್ಮೆ ನಿಷೇಧಿಸಿತು. ತಮಿಳುನಾಡು, ಪುದುಚೇರಿಗಳು ಅದೇ ವರ್ಷದ ಫೆಬ್ರುವರಿಯಲ್ಲಿ ಇದನ್ನೇ ಮಾಡಿದ್ದವು. ಕಾನೂನು ಸರಿಯಾಗಿದ್ದರೆ ಒಂದೇ ವಸ್ತುವನ್ನು ಎರಡೆರಡು ಸಲ ನಿಷೇಧಿಸಬೇಕಾದ ಗತಿ ಬರುತ್ತದೆಯೇ?

ಆ ದಿನ ಎಲ್ಲ ಪತ್ರಿಕೆಗಳಲ್ಲೂ ಒಂದು ಎಚ್ಚರಿಕೆ ಬಂತು: ತಪ್ಪಿದರೆ ಏಳು ವರ್ಷದಿಂದ ಜೀವಾವಧಿವರೆಗೆ ಜೈಲು, ಹತ್ತು ಲಕ್ಷ ದಂಡ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಆ ಶಿಕ್ಷೆ ಇರುವುದು ನಿಜ. ಆದರೆ ಅದು ಅನ್ವಯವಾಗುವುದು ತಿಂದವನು ಸತ್ತಾಗ. ಅಸುರಕ್ಷಿತ ಆಹಾರ ಮಾರಿ, ಯಾರಿಗೂ ತಕ್ಷಣ ಏನೂ ಆಗದಿದ್ದರೆ 2023ರವರೆಗೆ ಇದ್ದ ಗರಿಷ್ಠ ಶಿಕ್ಷೆ ಆರು ತಿಂಗಳು, ಒಂದು ಲಕ್ಷ ದಂಡ. ಆ ವರ್ಷ ಬಂದ ಜನ ವಿಶ್ವಾಸ ಕಾಯ್ದೆ ಅದನ್ನು ಗರಿಷ್ಠ ಮೂರು ತಿಂಗಳು, ಮೂರು ಲಕ್ಷ ಮಾಡಿತು. ಸೆರೆವಾಸ ಅರ್ಧವಾಯಿತು. ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಬಣ್ಣ ತಿಂದ ಮಗುವಿಗೆ ಮರುದಿನವೇ ಏನೂ ಆಗುವುದಿಲ್ಲ. ಹದಿನೈದು ವರ್ಷದ ಮೇಲೆ ಏನಾದರೂ ಆದರೆ ಅದು ಯಾವ ಜಾತ್ರೆಯ ಯಾವ ಮಿಠಾಯಿಯಿಂದ ಎಂದು ಯಾವ ನ್ಯಾಯಾಲಯವೂ ತೀರ್ಮಾನಿಸಲಾರದು. ನಿಧಾನವಾಗಿ ಕೊಲ್ಲುವ ವಿಷಕ್ಕೆ ಈ ಕಾಯ್ದೆ ಕೊಟ್ಟಿರುವ ಬೆಲೆ ಹೆಚ್ಚೆಂದರೆ ಮೂರು ತಿಂಗಳು. ತಾಲ್ಲೂಕಿನ ಅಧಿಕಾರಿ ಎಷ್ಟೇ ದಕ್ಷನಾಗಿದ್ದರೂ ಇದನ್ನು ಬದಲಿಸಲಾರ.

ಇನ್ನು ಗ್ರಾಹಕನ ಕಥೆ. ನಾನು ಸಿಟ್ಟಿನಿಂದ ಓದಿದ ಭಾಗ ಇದು. ಕಾಯ್ದೆಯ 40ನೇ ಸೆಕ್ಷನ್, ಕೊಂಡ ಆಹಾರವನ್ನು ಆಹಾರ ವಿಶ್ಲೇಷಕರ ಬಳಿ ಪರೀಕ್ಷೆ ಮಾಡಿಸುವ ಹಕ್ಕನ್ನು ನಮಗೆಲ್ಲ ಕೊಡುತ್ತದೆ. ಶುಲ್ಕ ಕಟ್ಟಬೇಕು, ದೋಷ ಸಾಬೀತಾದರೆ ಶುಲ್ಕ ವಾಪಸು. ಕೇಳಲು ಚೆನ್ನಾಗಿದೆ. ಅದರ ಕೆಳಗೇ ಒಂದು ಷರತ್ತು ಇದೆ: ಹೀಗೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಿರಬೇಕು. ತುಪ್ಪದ ಅಂಗಡಿಗೆ ಹೋದ ಗೃಹಿಣಿ ಹಣ ಕೊಡುವ ಮುಂಚೆ ಮಾಲೀಕನಿಗೆ ಹೇಳಬೇಕು, ಸ್ವಾಮಿ, ಇದನ್ನು ನಾನು ಪ್ರಯೋಗಾಲಯಕ್ಕೆ ಕಳಿಸುತ್ತೇನೆ ಎಂದು. ಹೇಳಿದ ಮೇಲೆ ಅವನು ಯಾವ ಡಬ್ಬಿಯಿಂದ ತೆಗೆದು ಕೊಡುತ್ತಾನೆ? ಮನೆಗೆ ತಂದು, ಒಗ್ಗರಣೆಗೆ ಹಾಕಿ, ವಾಸನೆ ಬೇರೆ ಬಂದಾಗ ಅನುಮಾನ ಹುಟ್ಟಿದರೆ ಆಗ ತಡವಾಗಿರುತ್ತದೆ. ಆಕೆಯ ಹಕ್ಕು ಅಂಗಡಿಯ ಹೊಸ್ತಿಲಲ್ಲೇ ಮುಗಿದಿದೆ. ಅನುಮಾನ ಬರುವುದು ತಿಂದಾಗ, ಮೂಸಿದಾಗ, ಮಗುವಿಗೆ ವಾಂತಿಯಾದಾಗ. ಈ ಸೆಕ್ಷನ್ ಬರೆದವರಿಗೆ ಅಡುಗೆಮನೆಯ ಈ ಸಾಮಾನ್ಯ ಸತ್ಯ ಹೊಳೆಯಲಿಲ್ಲ, ಅಥವಾ ಹೊಳೆದರೂ ವ್ಯಾಪಾರಿಯ ಪಕ್ಷವೇ ಭಾರವಾಯಿತು. ಸಾಧಾರಣ ಹಾಲಿನ ಪ್ಯಾಕೆಟ್ಟು, ಖಾರದ ಪುಡಿ, ಬೆಲ್ಲ ಕೊಳ್ಳುವ ಕೋಟ್ಯಂತರ ಜನರಲ್ಲಿ ಈ ಷರತ್ತು ಪೂರೈಸಿ ಪರೀಕ್ಷೆಗೆ ಹೊರಟವರನ್ನು ನಾನಂತೂ ಕಂಡಿಲ್ಲ.

ಪರೀಕ್ಷೆ ಬೇಡ, ಅಧಿಕಾರಿಯ ಮೇಲೇ ದೂರು ಕೊಡೋಣ ಎಂದರೆ ಅಲ್ಲೂ ಮುಳ್ಳುಬೇಲಿ. ಆಹಾರ ಸುರಕ್ಷತಾಧಿಕಾರಿ ಕರ್ತವ್ಯ ಮಾಡಲಿಲ್ಲ, ವ್ಯಾಪಾರಿಯೊಂದಿಗೆ ಶಾಮೀಲಾದ ಎಂದು ದೂರಿ, ಆ ದೂರು ಸುಳ್ಳೆಂದು ತೀರ್ಮಾನವಾದರೆ ದೂರುದಾರನಿಗೆ ಐವತ್ತು ಸಾವಿರದಿಂದ ಒಂದು ಲಕ್ಷದವರೆಗೆ ದಂಡ. ಇದು 39ನೇ ಸೆಕ್ಷನ್. ಅಧಿಕಾರಿಗೂ ಗರಿಷ್ಠ ದಂಡ ಒಂದು ಲಕ್ಷವೇ. ಅವನಿಗೆ ಕನಿಷ್ಠ ಇಷ್ಟೆಂದಿಲ್ಲ, ದೂರು ಕೊಟ್ಟ ನಾಗರಿಕನಿಗೆ ಇದೆ. ಜಾರಿ ಸಡಿಲವಾಗಿದೆ ಎಂದು ಹಲುಬುವವರು, ಜಾರಿಯನ್ನು ಬಿಗಿ ಮಾಡಬಲ್ಲ ಏಕೈಕ ಶಕ್ತಿಯಾದ ಜನರ ಬಾಯಿಯನ್ನು ಕಾಯ್ದೆಯೇ ಹೊಲಿದಿದೆ ಎಂಬುದನ್ನು ಗಮನಿಸಬೇಕು.

ಬಾಯಿ ಹೊಲಿದದ್ದು ಸಾಲದೆಂದು ಕಣ್ಣನ್ನೂ ಮುಚ್ಚಿದೆ. ಅಪಾಯ ಇದೆಯೆಂದು ಅನುಮಾನ ಬಂದಾಗ ಸಾಧ್ಯವಾದಷ್ಟು ವಿವರವಾಗಿ ಸಾರ್ವಜನಿಕರಿಗೆ ತಿಳಿಸಬೇಕೆಂಬ ಮಾತು 18ನೇ ಸೆಕ್ಷನ್‌ನಲ್ಲಿ ತತ್ತ್ವದ ರೂಪದಲ್ಲಿ ಇದೆ. ಎಷ್ಟು ದಿನದೊಳಗೆ? ಹೆಸರು ಸಮೇತವೇ? ತಿಳಿಸದಿದ್ದರೆ ಯಾರು ಹೊಣೆ? ಯಾವುದಕ್ಕೂ ಉತ್ತರವಿಲ್ಲ. ತಪ್ಪಿತಸ್ಥನ ಹೆಸರು, ವಿಳಾಸ ಪ್ರಕಟಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ 64ನೇ ಸೆಕ್ಷನ್ ಕೊಡುತ್ತದೆ. ಅದು ಒಮ್ಮೆ ಶಿಕ್ಷೆಯಾದವನು ಮತ್ತೆ ಅದೇ ತಪ್ಪು ಮಾಡಿ ಸಿಕ್ಕಾಗ. ಹಾಗಾಗಿ ನಮಗೆ ಸಿಗುವುದು ಬರೀ ಸಂಖ್ಯೆ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿ ಪರೀಕ್ಷಿಸಿ 12 ಅಸುರಕ್ಷಿತವೆಂದಿತು. ಸಂಖ್ಯೆ ಹಿಡಿದುಕೊಂಡು ಗ್ರಾಹಕ ಏನು ಮಾಡಬೇಕು? ಎಲ್ಲ ಬೇಕರಿಗಳನ್ನೂ ಬಿಡಬೇಕೇ? ಹೆಸರಿಲ್ಲದ ಸಂಖ್ಯೆ ಪ್ರಾಮಾಣಿಕ ಬೇಕರಿಯವನಿಗೆ ಹೊಡೆತ ಕೊಡುತ್ತದೆ, ಕಳ್ಳನನ್ನು ಗುಂಪಿನಲ್ಲಿ ಅಡಗಿಸುತ್ತದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದ ಆಹಾರ ಸಂಸ್ಥೆಗಳು ಭಾರತದ ಪ್ರಸಿದ್ಧ ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಕಂಡುಬಂದಿದೆ ಎಂದು ಬ್ರ್ಯಾಂಡ್ ಹೆಸರು, ಪೊಟ್ಟಣದ ವಿವರ ಸಮೇತ ತಮ್ಮ ಜನಕ್ಕೆ ಹೇಳಿದವು. ದಾವಣಗೆರೆಯ ಅಡುಗೆಮನೆಯಲ್ಲಿ ಇದ್ದ ಪೊಟ್ಟಣದ ಬಗ್ಗೆ ಎಚ್ಚರಿಕೆ ಹಾಂಗ್‌ಕಾಂಗಿನಿಂದ ಬರಬೇಕಾಯಿತು.

ಪ್ರಯೋಗಾಲಯಗಳ ವಿಷಯವನ್ನು ಜಾರಿವಾದಿಗಳು ತಮ್ಮ ಪರವಾದ ಸಾಕ್ಷಿಯೆಂದು ತರುತ್ತಾರೆ. ಅಲ್ಲೂ ಬೇರು ಕಾಯ್ದೆಯಲ್ಲೇ ಇದೆ. 43ನೇ ಸೆಕ್ಷನ್ ಪ್ರಕಾರ ಮಾನ್ಯತೆ ಪಡೆದ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಗುರುತಿಸಿದ ಪ್ರಯೋಗಾಲಯದ ವರದಿಗೆ ಮಾತ್ರ ಬೆಲೆ. ಒಳ್ಳೆಯದು, ಹಾಗೇ ಇರಬೇಕು. ಆದರೆ ಅಂಥ ಪ್ರಯೋಗಾಲಯಗಳನ್ನು ಇಂತಿಷ್ಟು ಕಾಲದೊಳಗೆ ಕಟ್ಟಲೇಬೇಕು ಎಂಬ ಹೊಣೆಯನ್ನು ಯಾವ ಸರ್ಕಾರದ ಮೇಲೂ ಹೊರಿಸಲಿಲ್ಲ. ಪರಿಣಾಮ 2015ರಲ್ಲಿ ಇಡೀ ದೇಶಕ್ಕೆ ಕಂಡಿತು. ಜೂನ್ 5ರಂದು ಎಫ್‌ಎಸ್‌ಎಸ್‌ಎಐ ಮ್ಯಾಗಿಯನ್ನು ಮಾರುಕಟ್ಟೆಯಿಂದ ತೆಗೆಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಪರೀಕ್ಷಿಸಿದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆ ಇರಲಿಲ್ಲ, ಕಂಪನಿಯ ಅಹವಾಲು ಕೇಳಿರಲಿಲ್ಲ ಎಂಬುದು ಕಾರಣ. ನ್ಯಾಯಾಲಯ ಕಾಯ್ದೆಯನ್ನು ಓದಿದ್ದು ಸರಿಯಾಗಿಯೇ ಇತ್ತು. ಆ ನೂಡಲ್ಸ್ ನಿಜಕ್ಕೂ ಕೆಟ್ಟದ್ದಾಗಿತ್ತೇ ಎಂಬ ಜನರ ಪ್ರಶ್ನೆ ಮಾತ್ರ ಪ್ರಕ್ರಿಯೆಯ ಗದ್ದಲದಲ್ಲಿ ಮುಳುಗಿತು. ಎರಡು ವರ್ಷದ ನಂತರ ಮಹಾಲೇಖಪಾಲರ ವರದಿ ಹೇಳಿದ್ದು: ರಾಜ್ಯಗಳ 72 ಆಹಾರ ಪ್ರಯೋಗಾಲಯಗಳಲ್ಲಿ 65ಕ್ಕೆ ಎನ್‌ಎಬಿಎಲ್ ಮಾನ್ಯತೆಯೇ ಇರಲಿಲ್ಲ. ಕಾಯ್ದೆ ಜಾರಿಯಾಗಿ ಆರು ವರ್ಷ ಕಳೆದಿತ್ತು. ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಅಂಥ ಆಹಾರ ಸಂಶೋಧನಾ ಸಂಸ್ಥೆ 1950ರಿಂದ ಇರುವ ದೇಶ ನಮ್ಮದು, ಜ್ಞಾನಕ್ಕೆ ಬರವಿರಲಿಲ್ಲ. ಕಟ್ಟಲೇಬೇಕೆಂಬ ಶಾಸನದ ಒತ್ತಾಯ ಇರಲಿಲ್ಲ.

ಅದಕ್ಕಿಂತ ಆಳದ ದೋಷ ಇನ್ನೊಂದಿದೆ: ವಿಷ ಎಲ್ಲಿಂದ ಹುಟ್ಟುತ್ತದೋ ಅಲ್ಲಿಗೆ ಈ ಕಾಯ್ದೆಯ ಕೈ ತಲುಪುವುದೇ ಇಲ್ಲ. ಹಾಲನ್ನೇ ತೆಗೆದುಕೊಳ್ಳಿ. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳನ್ನು ನೋಡಿದರು. ನಾವೆಲ್ಲ ಹೆದರುವ ಯೂರಿಯಾ, ಡಿಟರ್ಜೆಂಟ್ ಥರದ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಅಫ್ಲಟಾಕ್ಸಿನ್ ಎಂ1 ಮಿತಿ ಮೀರಿ ಸಿಕ್ಕಿದ್ದು 368ರಲ್ಲಿ. ಇದು ಯಾರೋ ಕದ್ದು ಬೆರೆಸಿದ್ದಲ್ಲ. ಬೂಷ್ಟು ಹಿಡಿದ ಹಿಂಡಿ, ಮೇವು ತಿಂದ ಹಸುವಿನ ಹಾಲಿನಲ್ಲಿ ತಾನಾಗಿ ಬರುತ್ತದೆ; ಕಾಯಿಸಿದರೂ ಹೋಗುವುದಿಲ್ಲ. ಹಾಗಾದರೆ ಹಿಂಡಿಯನ್ನು ನಿಯಂತ್ರಿಸಬೇಕಲ್ಲವೇ? ಕಾಯ್ದೆಯ ಮೂರನೇ ಸೆಕ್ಷನ್ ಪಶು ಆಹಾರವನ್ನು ‘ಆಹಾರ’ದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಆಹಾರ ಸುರಕ್ಷತಾಧಿಕಾರಿ ಹಾಲಿನ ಡೇರಿಯವರೆಗೆ ಹೋಗಬಹುದು, ಹಿಂಡಿ ಕಾರ್ಖಾನೆಯ ಬಾಗಿಲು ಅವನಿಗಿಲ್ಲ. ರೈತನನ್ನೂ ಅವನ ಬೆಳೆಯನ್ನೂ 18ನೇ ಸೆಕ್ಷನ್ ಕಾಯ್ದೆಯಿಂದ ಹೊರಗಿಟ್ಟಿದೆ. ರೈತನನ್ನು ಶಿಕ್ಷೆಯಿಂದ ಹೊರಗಿಡುವುದು ನ್ಯಾಯ, ಅದರಲ್ಲಿ ನನಗೆ ತಕರಾರಿಲ್ಲ. ಬೂಷ್ಟು ಹಿಡಿದ ಹಿಂಡಿ ಮಾರಿದವನಿಂದ ಮೊದಲು ಮೋಸ ಹೋಗುವವನು ಅವನೇ. ಆದರೆ ಹಿಂಡಿ ತಯಾರಕನೂ ಅದೇ ನೆರಳಿನಲ್ಲಿ ಪಾರಾಗುತ್ತಿದ್ದಾನೆ. ಬಣ್ಣದ ವಿಷಯವೂ ಅಷ್ಟೆ. ಗಾಡಿಯವನನ್ನು ಹಿಡಿಯಬಹುದು, ಬಟ್ಟೆ ಬಣ್ಣವೆಂದು ರೋಡಮೈನ್ ಮಾರುವ ಅಂಗಡಿಗೆ ಆಹಾರ ಪರವಾನಗಿ ಬೇಕಿಲ್ಲ, ಯಾರಿಗೆ ಎಷ್ಟು ಮಾರಿದೆ ಎಂಬ ಲೆಕ್ಕವನ್ನು ಈ ಕಾಯ್ದೆ ಕೇಳುವುದೂ ಇಲ್ಲ.

ಗುಣಮಟ್ಟದ ಅಳತೆಗೋಲೂ ಒಂದೇ ಆಗಿಲ್ಲ. 2020ರ ಆಗಸ್ಟ್‌ನಿಂದ ಅಮೆರಿಕಕ್ಕೆ ರಫ್ತಾಗುವ ಜೇನುತುಪ್ಪಕ್ಕೆ ಎನ್‌ಎಂಆರ್ ಪರೀಕ್ಷೆ ಕಡ್ಡಾಯವಾಯಿತು. ಸಕ್ಕರೆ ಪಾಕ ಬೆರೆತಿದ್ದರೆ ಅದನ್ನು ಹಿಡಿಯಬಲ್ಲ ಪರೀಕ್ಷೆ ಅದು. ನಮ್ಮ ಅಂಗಡಿಗಳಲ್ಲಿ ಮಾರುವ ಜೇನಿಗೆ ಕಡ್ಡಾಯವಾಗಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡ್‌ಗಳ ಜೇನನ್ನು ಜರ್ಮನಿಗೆ ಕಳಿಸಿ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು; ಎಲ್ಲ ಪರೀಕ್ಷೆಗಳಲ್ಲೂ ಪಾಸಾದದ್ದು ಮೂರು ಮಾತ್ರ. ಕಂಪನಿಗಳು ಆರೋಪವನ್ನು ಅಲ್ಲಗಳೆದವು. ನಾವು ಭಾರತದ ಎಲ್ಲ ಮಾನದಂಡ ಪಾಲಿಸಿದ್ದೇವೆ ಎಂದವು. ಆ ಉತ್ತರವೇ ನನ್ನ ವಾದ. ಅವರು ನಿಯಮ ಮುರಿದಿಲ್ಲ ಎನ್ನುವುದಾದರೆ ಜಾರಿ ಮಾಡಲು ಏನುಳಿಯಿತು? ಕೊಡಗಿನ ಜೇನುಗಾರ ನಿಜವಾದ ತುಪ್ಪ ತಂದು ಪಾಕದ ಬೆಲೆಗೆ ಸ್ಪರ್ಧಿಸಬೇಕಾಗಿರುವುದು ಜಾರಿಯ ಸೋಲಿನಿಂದಲ್ಲ, ಅಳತೆಗೋಲಿನ ಸೋಲಿನಿಂದ. ಮಸಾಲೆಯಲ್ಲೂ ಇದೇ ಕಂಡಿತು. 2024ರ ಏಪ್ರಿಲ್ 8ರ ಒಂದು ಆದೇಶದ ಮೂಲಕ, ಭಾರತದಲ್ಲಿ ನೋಂದಣಿಯಾಗದ ಕೀಟನಾಶಕಗಳ ಉಳಿಕೆಗೆ ಮಸಾಲೆಗಳಲ್ಲಿ ಇದ್ದ ಸಾಮಾನ್ಯ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂನಿಂದ 0.1ಕ್ಕೆ ಏರಿಸಲಾಯಿತು. ಎಥಿಲೀನ್ ಆಕ್ಸೈಡ್ ವಿವಾದಕ್ಕೂ ಇದಕ್ಕೂ ನೇರ ನಂಟಿಲ್ಲ. ವಿಜ್ಞಾನಿಗಳ ಸಮಿತಿಯ ಶಿಫಾರಸಿನಂತೆ ಹೀಗೆ ಮಾಡಿದೆವು ಎಂಬುದು ಸರ್ಕಾರದ ಸಮಜಾಯಿಷಿ. ಇರಲಿ. ಹತ್ತು ಪಟ್ಟು ಸಡಿಲಿಕೆ ಒಂದು ಆದೇಶದಲ್ಲಿ ಆಗಿಹೋಯಿತು. ತಿನ್ನುವವರನ್ನು ಯಾರೂ ಕೇಳಲಿಲ್ಲ.

ಹೀಗೆ ಆದೇಶದ ಮೂಲಕ ನಿಯಮ ಬದಲಿಸುವ ಚಾಳಿಯ ಅತ್ಯಂತ ನೋವಿನ ಉದಾಹರಣೆ ಓಆರ್‌ಎಸ್‌ನದು. ವಾಂತಿ ಭೇದಿಯಾದ ಮಗುವಿಗೆ ಕೊಡುವ ಆ ದ್ರಾವಣದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಹಲವು ಪಟ್ಟು ಸಕ್ಕರೆ ತುಂಬಿದ ಪಾನೀಯಗಳು ಓಆರ್‌ಎಸ್ ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡು ಔಷಧದ ಅಂಗಡಿಗಳಲ್ಲೇ ಮಾರಾಟವಾದವು. ಅತಿ ಸಕ್ಕರೆ ಕರುಳಿಗೆ ಇನ್ನಷ್ಟು ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2022ರ ಏಪ್ರಿಲ್‌ನಲ್ಲಿ ಪ್ರಾಧಿಕಾರ ತಡೆಯಿತು, ಜುಲೈನಲ್ಲಿ ‘ಇದು ಓಆರ್‌ಎಸ್ ಅಲ್ಲ’ ಎಂಬ ಸಣ್ಣಕ್ಷರದ ಸೂಚನೆಯೊಂದಿಗೆ ಮತ್ತೆ ಬಿಟ್ಟಿತು, 2025ರ ಅಕ್ಟೋಬರ್ 14ರಂದು ಆ ಅನುಮತಿಯನ್ನು ಹಿಂಪಡೆಯಿತು. ನಡುವಿನ ಮೂರು ವರ್ಷದಲ್ಲಿ ಆ ಪೊಟ್ಟಣಗಳನ್ನು ನಂಬಿ ಮಕ್ಕಳಿಗೆ ಕುಡಿಸಿದ ತಾಯಂದಿರಿಗೆ ಯಾರು ಉತ್ತರ ಕೊಡುತ್ತಾರೆ? ಅಷ್ಟೂ ದಿನ ಮಾರಾಟ ಕಾನೂನುಬದ್ಧವಾಗಿತ್ತು. ಇಲ್ಲಿ ಜಾರಿ ಮಾಡುವ ಅಧಿಕಾರಿ ತಪ್ಪು ಮಾಡಿದ್ದೆಲ್ಲಿ?

ಕಾಯ್ದೆ ಬಿಗಿ ಮಾಡಿದರೆ ಹಳೆಯ ಇನ್‌ಸ್ಪೆಕ್ಟರ್ ಕಾಟ ಮರಳುತ್ತದೆ, ತಳ್ಳುಗಾಡಿಯವರು ಸಾಯುತ್ತಾರೆ ಎಂಬ ಆಕ್ಷೇಪ ಇದೆ. 1954ರ ಕಲಬೆರಕೆ ತಡೆ ಕಾಯ್ದೆಯ ಕಾಲದಲ್ಲಿ ಆ ಕಾಟ ಇದ್ದದ್ದು ನಿಜ, ಭಯವೂ ನಿಜ. ಆದರೆ ಈಗಿನ ಕಾಯ್ದೆಯಡಿ ದಾಳಿ ನಡೆಯುತ್ತಿರುವುದು ಯಾರ ಮೇಲೆ? ಗೋಬಿ ಗಾಡಿ, ಪಾನಿಪೂರಿ ಗಾಡಿ, ಇಡ್ಲಿ ಹೋಟೆಲು. ಬಣ್ಣ ಮಾರಿದವನು, ಹಿಂಡಿ ಮಾಡಿದವನು, ಅಳತೆಗೋಲನ್ನು ಬಗ್ಗಿಸಿಕೊಂಡವನು ಪಟ್ಟಿಯಲ್ಲಿಲ್ಲ. ಬದಲಾವಣೆ ಬೇಡವೆನ್ನುವವರು ಬಡ ವ್ಯಾಪಾರಿಯ ಹೆಸರು ಹೇಳಿ ಕಾಯುತ್ತಿರುವುದು ಬೇರೆಯವರನ್ನು.

ಕಲಬೆರಕೆ ಮಾಡಿದವರನ್ನು ಗಲ್ಲಿಗೇರಿಸಿ ಎಂದು ಕೂಗುವವರ ಜೊತೆಗೂ ನಾನಿಲ್ಲ. ಉತ್ತರ ಪ್ರದೇಶ, ಪಶ್ಚಿಮ ಬಂಗಾಳ, ಒಡಿಶಾ ದಂಡಸಂಹಿತೆಯನ್ನು ತಿದ್ದಿ ಕಲಬೆರಕೆಗೆ ಜೀವಾವಧಿ ಶಿಕ್ಷೆ ತಂದವು. ಆದರೂ 2016ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಹಾಲು ಕಲಬೆರಕೆ ಪ್ರಕರಣದಲ್ಲಿ ದೂರು ಇದ್ದ ರಾಜ್ಯಗಳಲ್ಲಿ ಉತ್ತರ ಪ್ರದೇಶವೂ ಒಂದು. ಬರಿಯ ಘೋರ ಶಿಕ್ಷೆಯಿಂದ ಹಾಲು ಶುದ್ಧವಾಗುವುದಿಲ್ಲ. ಆ ತೀರ್ಪಿನಲ್ಲಿ ಕೋರ್ಟ್ ಕೇಂದ್ರಕ್ಕೆ ಕಾಯ್ದೆ ತಿದ್ದುವುದನ್ನು ಪರಿಗಣಿಸಲು ಹೇಳಿತು. 2017ರಲ್ಲಿ ಕಾನೂನು ಆಯೋಗ ತನ್ನ 264ನೇ ವರದಿಯಲ್ಲಿ ಹಾನಿಗೆ ತಕ್ಕಂತೆ ಏರುವ ಶಿಕ್ಷೆ, ಪರಿಹಾರ ಸೂಚಿಸಿತು. ಅವೆಲ್ಲದರ ನಂತರ ಬಂದ ಭಾರತೀಯ ನ್ಯಾಯ ಸಂಹಿತೆಯ 274ನೇ ಸೆಕ್ಷನ್ ಕಲಬೆರಕೆಗೆ ಇಟ್ಟದ್ದು ಆರು ತಿಂಗಳ ಜೈಲು ಅಥವಾ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ದೇಶದ ಅತ್ಯುನ್ನತ ನ್ಯಾಯಾಲಯ, ಕಾನೂನು ಆಯೋಗ ಎರಡೂ ಕಾನೂನು ಬದಲಾಗಬೇಕು ಎಂದಿರುವಾಗ, ಕಾನೂನು ಚೆನ್ನಾಗಿಯೇ ಇದೆ ಎನ್ನುವ ವಿಶ್ವಾಸ ನಮ್ಮ ಪಂಡಿತರಿಗೆ ಎಲ್ಲಿಂದ ಬಂತೋ.

ಶಿಕ್ಷೆಗಿಂತ ನನಗೆ ಮುಖ್ಯ ಅನ್ನಿಸುವುದು ಪರಿಹಾರ. 65ನೇ ಸೆಕ್ಷನ್ ಪ್ರಕಾರ ಸಾವಿಗೆ ಕನಿಷ್ಠ ಐದು ಲಕ್ಷ. ತೀವ್ರ ಗಾಯಕ್ಕೆ ಮೂರು ಲಕ್ಷ ಮೀರುವಂತಿಲ್ಲ. ಉಳಿದ ಹಾನಿಗೆ ಒಂದು ಲಕ್ಷ ಮೀರುವಂತಿಲ್ಲ. 2006ರಲ್ಲಿ ಬರೆದ ಮೊತ್ತ ಇಂದಿಗೂ ಅದೇ. ಬೆಂಗಳೂರಿನ ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಒಂದು ವಾರ ಮಲಗಿದವರಿಗೆ ಈ ಮಿತಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ಅದರ ಮೊತ್ತ 2023ರಲ್ಲಿ ಏರಿತು. ತಿಂದು ಕೆಟ್ಟವನ ಕೈಗೆ ಹೋಗುವ ಹಣ ಏರಲಿಲ್ಲ. ಗರಿಷ್ಠ ಮಿತಿಯನ್ನು ಕಿತ್ತು, ಆಸ್ಪತ್ರೆಯ ವೆಚ್ಚ ಪೂರ್ತಿ ತಯಾರಕನ ತಲೆಗೆ ಬೀಳುವಂತೆ ಮಾಡಿದರೆ ಯಾವ ದಾಳಿಯೂ ಮಾಡಲಾಗದ ಕೆಲಸವನ್ನು ಅದು ಮಾಡುತ್ತದೆ.

ಇದೆಲ್ಲ ದೆಹಲಿಯ ವಿಷಯ, ನಮ್ಮ ಕೈಯಲ್ಲಿಲ್ಲ ಎಂದು ವಿಧಾನಸೌಧದಲ್ಲಿ ಕೂತವರು ಜಾರಿಕೊಳ್ಳುವಂತಿಲ್ಲ. ಆಹಾರ ಪದಾರ್ಥಗಳ ಕಲಬೆರಕೆ ಸಂವಿಧಾನದ ಸಮವರ್ತಿ ಪಟ್ಟಿಯ 18ನೇ ನಮೂದು. ರಾಷ್ಟ್ರಪತಿಯ ಒಪ್ಪಿಗೆ ಪಡೆದು ರಾಜ್ಯ ತನ್ನ ವ್ಯಾಪ್ತಿಯಲ್ಲಿ ತಿದ್ದುಪಡಿ ತರಲು ದಾರಿಯಿದೆ. 40ನೇ ಸೆಕ್ಷನ್‌ನ ಆ ಷರತ್ತನ್ನು ಕರ್ನಾಟಕದ ಮಟ್ಟಿಗೆ ಅಳಿಸಿಹಾಕಿ, ಮೊಹರು ಒಡೆಯದ ಪೊಟ್ಟಣವನ್ನು ರಸೀದಿ ಸಮೇತ ಯಾರು ತಂದರೂ ಪರೀಕ್ಷೆಗೆ ತೆಗೆದುಕೊಳ್ಳುವಂತೆ ಮಾಡಲಿ. ಹಿಂಡಿ ಕಾರ್ಖಾನೆಗೂ ಬಟ್ಟೆ ಬಣ್ಣದ ಸಗಟು ಅಂಗಡಿಗೂ ಲೆಕ್ಕದ ಪುಸ್ತಕ ಕಡ್ಡಾಯ ಮಾಡಲಿ. ಅದಕ್ಕೆ ಸಮಯ ಬೇಕೆಂದರೆ, ಅಸುರಕ್ಷಿತವೆಂದು ವರದಿ ಬಂದ ಮಾದರಿಯ ಅಂಗಡಿ, ಬ್ರ್ಯಾಂಡ್, ಬ್ಯಾಚ್ ಸಂಖ್ಯೆಯನ್ನು, ಮೇಲ್ಮನವಿಯ ಅವಕಾಶ ಮುಗಿದ ಮರುದಿನವೇ ಕನ್ನಡದಲ್ಲಿ ಪ್ರಕಟಿಸಲಿ. ಜನಕ್ಕೆ ತಿಳಿಸಬೇಕೆಂಬ ತತ್ತ್ವ 18ನೇ ಸೆಕ್ಷನ್‌ನಲ್ಲಿ ಇದ್ದೇ ಇರುವುದರಿಂದ, ಇದಕ್ಕೆ ಹೊಸ ಮಸೂದೆಗಾಗಿ ಕಾಯಬೇಕಾಗಿಲ್ಲ. ಈ ವಾರವೇ ಶುರು ಮಾಡಬಹುದು.